ಅರವತ್ತಲ್ಲ, ಅರೆವೊತ್ತು

ಕೈ ಅದುರಾದರೆ ಬಾಯಿ ಮಸುಕು ಅಂತ ಗಾದೆ. ಕೆಸರು, ಮೊಸರು ಅಂತ ನೀವು ಕಲಿತಿದ್ದರೆ ಅದು ನಿಮ್ಮ ಮೇಷ್ಟ್ರ ತಪ್ಪು; ಅವರು ಕ್ಯಾಮೆರಾ ಹಿಡಿದವರಲ್ಲ. ಫೋಟೋದವನ ಕೈ ಎಳ್ಳುಕಾಳಿನಷ್ಟು ಅದುರಿದರೂ ಎದುರಿಗೆ ಕೂತವರ ಬಾಯಿ ಕಿವಿಯ ತನಕ ಹರಡಿಕೊಳ್ಳುತ್ತದೆ. ಈ ಗಾದೆಗೆ ಒಂದು ಕಥೆಯಿದೆ. ಕಥೆ ಅಂದೆ, ಆದರೆ ನಡೆದದ್ದು. ನಂಬದವರು ಹೆಮ್ಮಿಗೆಗೆ ಹೋಗಿ ಯಾರನ್ನಾದರೂ ಕೇಳಿ. ನನಗಿಂತ ಚೆನ್ನಾಗಿ ಹೇಳುತ್ತಾರೆ, ನಡುನಡುವೆ ನಿಲ್ಲಿಸಿ ನಗುವುದರಿಂದ ಸ್ವಲ್ಪ ತಡವಾಗುತ್ತದೆ ಅಷ್ಟೆ.

ತೊಂಬತ್ತೇಳರ ಸುಮಾರಿನಲ್ಲಿ ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಿಂಗರಾಜು ಅಂತ ಒಬ್ಬ ಫೋಟೋದವನಿದ್ದ. ಊರಲ್ಲಿ ಹೆಸರು ಮಾಡಿದ ಫೋಟೋದವರೆಂದರೆ ದೇವಯ್ಯ. ನಿಂಗರಾಜು ಅವರ ಕತ್ತಲೆ ಕೋಣೆಯಲ್ಲೇ ಕೆಲಸ ಕಲಿತು ಹೊರಗೆ ಬಂದವನು. ಮದುವೆ, ನಾಮಕರಣ, ಸ್ಕೂಲಿನ ಗ್ರೂಪ್ ಫೋಟೋ ಎಲ್ಲ ದೇವಯ್ಯನವರಿಗೇ ಹೋಗುತ್ತಿದ್ದವು. ನಿಂಗರಾಜುವಿನ ಪಾಲಿಗೆ ಉಳಿದ ಬಾಬತ್ತು ಒಂದೇ. ಹೆಣ.

ಬದುಕಿರುವಾಗ ಫೋಟೋ ತೆಗೆಸಿದರೆ ಆಯಸ್ಸು ಕರಗುತ್ತದೆ ಅನ್ನುವ ಮುದುಕರು ಸುತ್ತಮುತ್ತಲ ಹಳ್ಳಿಗಳಲ್ಲಿ ಆಗ ಬೇಕಾದಷ್ಟು ಜನ ಇದ್ದರು. ಅವರು ಕಣ್ಣು ಮುಚ್ಚಿದ ದಿನ ಮನೆಯವರಿಗೆ ಗಾಬರಿ, ಗೋಡೆಗೆ ತೂಗುಹಾಕಲು ಒಂದು ಮುಖವಿಲ್ಲವಲ್ಲ ಅಂತ. ಆಗ ನಿಂಗರಾಜುವಿಗೆ ಕರೆ ಬರುತ್ತಿತ್ತು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಜಾರದ ಹಾಗೆ ಟವೆಲ್ಲು ಕಟ್ಟಿ, ತಲೆಯನ್ನು ಗೋಡೆಗೆ ಒರಗಿಸಿ, ಹಾರ ಹಾಕಿ, ಪಡಸಾಲೆಯ ಮಬ್ಬಿನಲ್ಲೇ ಫೋಟೋ. ಹೆಣದ ಮೇಲೆ ಮಿಂಚು ಹೊಡೆಯಬೇಡ ಅಂತ ಮನೆಯ ಹೆಂಗಸರು ತಡೆಯುತ್ತಿದ್ದರಿಂದ ಫ್ಲಾಶಿಗೆ ಕೆಲಸವಿರಲಿಲ್ಲ. ಅವನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ ಶಟರನ್ನು ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿಡುತ್ತಿದ್ದ. ಮನೆಯಲ್ಲಿದ್ದ ಬಡ ಬೆಳಕೆಲ್ಲ ನಿಧಾನವಾಗಿ ಒಳಗೆ ಬಂದು ಕೂರುತ್ತಿತ್ತು. ಅಷ್ಟು ಹೊತ್ತು ಅಲ್ಲಾಡದೆ ಕೂರುವ ಗಿರಾಕಿ ಇನ್ನಾರಿದ್ದಾರೆ? ಹುಬ್ಬಿನ ಕೂದಲು ಒಂದೊಂದೂ ಬಿಡಿಬಿಡಿಯಾಗಿ ಬರುತ್ತಿತ್ತು. ದೇವಯ್ಯನವರೇ ಒಮ್ಮೆ ನೋಡಿ, ನನ್ನ ಮದುಮಕ್ಕಳು ಇಷ್ಟು ಚೂಪಾಗಿ ಬರಲ್ಲ ಕಣ್ಲಾ ಅಂದಿದ್ದರಂತೆ.

ಹೀಗೆ ಅವನಿಗೆ ಎಣದ ನಿಂಗ ಅಂತ ಹೆಸರು ಬಿತ್ತು. ಹೆಸರಿಟ್ಟವನು ಗುರು.

ಗುರು ಬಿ.ಎ. ಮಾಡಿ ಬಸ್‌ಸ್ಟ್ಯಾಂಡಿನಲ್ಲಿ ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದ. ಅವನ ಗಂಟಲಲ್ಲಿ ಅರ್ಧ ತಾಲ್ಲೂಕು ವಾಸವಾಗಿತ್ತು. ತಹಶೀಲ್ದಾರರ ಕೆಮ್ಮು, ಕಂಡಕ್ಟರನ ಸೀಟಿ, ಬ್ಯಾಂಕ್ ಮ್ಯಾನೇಜರರ ತಮಿಳುಗನ್ನಡ, ಎಲ್ಲವೂ ಅವನ ಬಾಯಲ್ಲಿ ಮೂಲಕ್ಕಿಂತ ಚೆನ್ನಾಗಿರುತ್ತಿದ್ದವು. ಬಸ್ಸು ತಪ್ಪಿದವರು ಅವನ ಬೂತಿನ ಮುಂದಿನ ಬೆಂಚಿನಲ್ಲಿ ಕೂತರೆ ಮುಂದಿನ ಬಸ್ಸನ್ನೂ ತಪ್ಪಿಸಿಕೊಳ್ಳುತ್ತಿದ್ದರು. ನಿಂಗರಾಜು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿ ಆ ಕಡೆ ಬಂದನೆಂದರೆ ಗುರು ಎದ್ದು ನಿಂತು ಬೆಂಚಿನವರಿಗೆ ಪರಿಚಯ ಮಾಡಿಕೊಡುತ್ತಿದ್ದ: ಇವರು ನೆಗೆದುಬಿದ್ದವರ ನೆಗೆಟಿವ್ ಸ್ಪೆಷಲಿಸ್ಟ್, ಫೋಟೋ ಚೆನ್ನಾಗಿಲ್ಲ ಅಂತ ಇವರ ಒಬ್ಬ ಗಿರಾಕಿಯೂ ಈವರೆಗೆ ಬಂದು ದೂರು ಕೊಟ್ಟಿಲ್ಲ. ನಿಂಗರಾಜು ತಲೆ ತಗ್ಗಿಸಿ ಮುಗುಳುನಕ್ಕು ಹೋಗುತ್ತಿದ್ದ. ಅವನ ದುಃಖವೇನೆಂದರೆ ಆ ಹೆಸರು ಹೆಮ್ಮಿಗೆಯ ತನಕ ನಡೆದುಕೊಂಡು ಹೋಗಿತ್ತು.

ಹೆಮ್ಮಿಗೆಯಲ್ಲಿ ಕೆಂಪಯ್ಯನ ಮನೆ. ಕೆಂಪಯ್ಯ ನಿಂಗರಾಜುವಿನ ತಾಯಿ ಮಾದಮ್ಮನಿಗೆ ದೂರದ ವರಸೆಯಲ್ಲಿ ತಮ್ಮ, ಅಂದರೆ ನಿಂಗರಾಜುವಿಗೆ ಮಾವ. ಕೆಂಪಯ್ಯನಿಗೆ ಇಬ್ಬರು ಹೆಣ್ಣುಮಕ್ಕಳು, ದಿವ್ಯ ಮತ್ತು ವನಿತಾ. ಒಮ್ಮೆ ನಿಂಗರಾಜು ಆ ಮನೆಗೆ ಹೋಗಿದ್ದಾಗ ಕಿರಿಯವಳು ವನಿತಾ ಅವನ ಕ್ಯಾಮೆರಾ ಕೇಳಿ ಇಸಿದುಕೊಂಡು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, ಎಲ್ಲಾ ವಸಿ ಚಿಕ್ಕದಾಗಿ ಕಾಣ್ತದಲ್ಲ ಅಂದಿದ್ದಳು. ಅವಳು ಅವನೊಂದಿಗೆ ಆಡಿದ ಮಾತು ಒಟ್ಟು ಅಷ್ಟೇ. ಅದನ್ನೇ ನಂಬಿಕೊಂಡು ಅವನು ಎರಡು ವರ್ಷ ಬೇರೆ ಹೆಣ್ಣು ನೋಡಲು ಒಪ್ಪಿರಲಿಲ್ಲ.

ಕೊನೆಗೆ ಮಾದಮ್ಮ ಹೋಗಿ ಬಾಯಿಬಿಟ್ಟು ಕೇಳಿದಳು. ಕೆಂಪಯ್ಯ ಇಲ್ಲ ಅನ್ನಲಿಲ್ಲ.

"ಅಕ್ಕ, ನಿನ್ ಮಗ ಒಳ್ಳೇವನೇ. ಆದ್ರೆ ನಾಳೀಕೆ ನನ್ ಮಗಳು ಬೀದೀಲಿ ಓದ್ರೆ ಎಣದೋನ ಎಂಡ್ತಿ ಅಂತಾರೆ ಜನ. ದಿವ್ಯನ ಮದುವೆ ಬತ್ತಾ ಅದೆ. ಅದರ ಪೋಟೋ ಅವನೇ ತೆಗೀಲಿ. ನೆಟ್ಟಗೆ ಬಂದ್ರೆ ಆ ಎಸರು ಓಯ್ತದೆ, ಆಮ್ಯಾಕೆ ಎಲೆ ಅಡಕೆ ತಕ್ಕೊಂಡು ಬಾ."

ಒಂದೇ ಒಂದು ಮದುವೆ ಚೆನ್ನಾಗಿ ಬಂದರೆ ಹೆಸರು ಹೋಗಿ ಹೆಂಡತಿ ಬರುತ್ತಾಳೆ. ಇಷ್ಟು ಸರಳವಾದ ಲೆಕ್ಕ ನಿಂಗರಾಜುವಿನ ಬಾಳಿನಲ್ಲಿ ಎಂದೂ ಬಂದಿರಲಿಲ್ಲ.

ಮದುವೆ ಹೆಮ್ಮಿಗೆಯ ಸಮುದಾಯ ಭವನದಲ್ಲಿ. ಅವನು ಮೊದಲೇ ಹೋಗಿ ಜಾಗ ನೋಡಿಕೊಂಡು ಬಂದ. ಭವನಕ್ಕೆ ಕಿಟಕಿಗಳೇನೋ ಇದ್ದವು, ಆದರೆ ಭತ್ತದ ಮೂಟೆ ಒಟ್ಟಿ ಒಟ್ಟಿ ಎಲ್ಲ ಮುಚ್ಚಿಹೋಗಿದ್ದವು. ಎರಡು ಟ್ಯೂಬ್‌ಲೈಟು, ಅವುಗಳಲ್ಲಿ ಒಂದಕ್ಕೆ ಸದಾ ಕಣ್ಣು ಹೊಡೆಯುವ ಚಾಳಿ. ಪರವಾಗಿಲ್ಲ, ಫ್ಲಾಶ್ ಇದೆಯಲ್ಲ ಅಂದುಕೊಂಡ. ಮದುವೆಯ ಹಿಂದಿನ ದಿನ ಬೆಳಿಗ್ಗೆ ವರ್ಷಗಟ್ಟಲೆ ಚೀಲದಲ್ಲಿ ಮಲಗಿದ್ದ ಫ್ಲಾಶ್ ತೆಗೆದು ಹೊಸ ಸೆಲ್ ಹಾಕಿದರೆ ಅದು ಕುಂಯ್ ಅನ್ನಲಿಲ್ಲ. ತಟ್ಟಿದ, ಬಿಸಿಲಿಗಿಟ್ಟ, ತಾಯಿಯ ಕೈಲಿ ದೇವರ ಮುಂದೆ ಇಡಿಸಿದ. ಅದು ಅವನ ಗಿರಾಕಿಗಳ ಸಾಲಿಗೆ ಸೇರಿತ್ತು.

ದೇವಯ್ಯನವರ ಹತ್ತಿರ ಎರವಲು ಕೇಳೋಣವೆಂದರೆ ಅವರು ತಮ್ಮ ಸಾಮಾನೆಲ್ಲ ಕಟ್ಟಿಕೊಂಡು ನಂಜನಗೂಡಿನ ಒಂದು ಛತ್ರದ ಮದುವೆಗೆ ಹೋಗಿದ್ದರು. ಅಂಗಡಿಯ ಬಾಗಿಲ ಮೇಲೆ ಛತ್ರದ ಫೋನ್ ನಂಬರು ಸೀಮೆಸುಣ್ಣದಲ್ಲಿ ಬರೆದಿತ್ತು. ನಿಂಗರಾಜುವಿಗೆ ನಿಜವಾಗಿ ಹೊಸದೇನೂ ತಿಳಿಯಬೇಕಿರಲಿಲ್ಲ. ಬೆಳಕು ಕಮ್ಮಿಯಿದ್ದು ಜನ ಜೀವಂತವಾಗಿದ್ದರೆ ಏನು ಮಾಡಬೇಕೆಂದು ದೇವಯ್ಯ ಹಿಂದೆಯೇ ಹೇಳಿಕೊಟ್ಟಿದ್ದರು: ನಾನೂರರ ರೋಲ್ ಹಾಕು, ಅದು ಬೆಳಕನ್ನು ಬೇಗ ಕುಡಿಯುತ್ತೆ. ಲೆನ್ಸಿನ ಬಾಯಿ ಎರಡರ ತನಕ ತೆರಿ. ಅಲ್ಲಿ ನಂಬರು ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಶಟರ್ ಮಾತ್ರ ಅರವತ್ತರ ಕೆಳಗೆ ಇಳಿಸಬೇಡ, ಅಂದರೆ ಸೆಕೆಂಡಿನ ಅರವತ್ತನೇ ಒಂದು ಪಾಲು. ಇಳಿಸಿದರೆ ಮನುಷ್ಯರು ದೆವ್ವ ಆಗುತ್ತಾರೆ. ಎಲ್ಲ ನೆನಪಿತ್ತು. ಆದರೆ ನೆನಪು ಬೇರೆ, ಧೈರ್ಯ ಬೇರೆ. ಹೌದು ಕಣ್ಲಾ ಹಾಗೇ ಮಾಡು ಅಂತ ಗುರುಗಳ ಬಾಯಿಂದ ಇನ್ನೊಂದು ಸಲ ಕೇಳಬೇಕಿತ್ತು. ಗುರುಗಳನ್ನು ಹುಡುಕಿಕೊಂಡು ಅವನು ಗುರುವಿನ ಬೂತಿಗೆ ಹೋದ.

ನಂಜನಗೂಡಿನ ನಂಬರು ಕೊಟ್ಟು ವಿಷಯ ಹೇಳಿ, ಬೇಗ ಹಚ್ಚಿಕೊಡು ಮಾರಾಯ ಅಂದ. ಗುರುವಿನ ನಾಲಿಗೆಗೆ ತುರಿಕೆ ಹತ್ತಿದ್ದು ಆಗಲೇ. ದ್ವೇಷವಿರಲಿಲ್ಲ, ವನಿತಾಳ ಮೇಲೆ ಕಣ್ಣಿರಲಿಲ್ಲ. ಬೆಕ್ಕು ಹಸಿದೇ ಇಲಿ ಹಿಡಿಯಬೇಕೆಂದಿಲ್ಲವಲ್ಲ. ಅವನ ಮನೆ ಬೂತಿಗೆ ಬೆನ್ನು ಹಚ್ಚಿಕೊಂಡೇ ಇತ್ತು, ಅಲ್ಲಿಯೂ ಒಂದು ಫೋನಿತ್ತು. ಗುರು ನಂಜನಗೂಡಿನ ಬದಲು ತನ್ನ ಮನೆಯ ನಂಬರು ಒತ್ತಿ, ರಿಂಗ್ ಆಗ್ತಾ ಅದೆ ಹಿಡ್ಕೊ ಅಂತ ನಿಂಗರಾಜುವನ್ನು ಗಾಜಿನ ಗೂಡಿನೊಳಗೆ ಕಳಿಸಿ ಬಾಗಿಲು ಹಾಕಿದ. ಹಿಂಬಾಗಿಲಿನಿಂದ ಮನೆಗೆ ಹೋಗುತ್ತಾ ತಾಯಿಯ ತಟ್ಟೆಯಿಂದ ಎರಡು ವೀಳ್ಯದೆಲೆ ಎತ್ತಿ ದವಡೆಗೆ ತುರುಕಿಕೊಂಡ. ದೇವಯ್ಯನವರು ಎಲೆಯಿಲ್ಲದೆ ಮಾತಾಡಿದ್ದನ್ನು ಯಾರೂ ಕಂಡವರಲ್ಲ.

"ಯಾರ್ಲಾ ಅದು, ಮದುವೆ ಮನೇಲಿ ಕರೆಯೋನು?"

ನಿಂಗರಾಜು ಗಾಜಿನೊಳಗೇ ಎದ್ದು ನಿಂತುಬಿಟ್ಟ. ತನ್ನ ಫ್ಲಾಶಿನ ಮರಣವಾರ್ತೆ ಹೇಳಿದ. ಭವನದ ಕತ್ತಲೆ ವರ್ಣಿಸಿದ. ನಾನೂರರ ರೋಲ್ ಹಾಕಿ, ಲೆನ್ಸು ಎರಡಕ್ಕೆ ತೆರೆದು, ಶಟರ್ ಅರವತ್ತಕ್ಕೆ ಇಡಲೇ ಸಾ ಅಂತ ಕೇಳಿದ. ಕೇಳಿದ್ದು ನೂರಕ್ಕೆ ನೂರು ಸರಿ. ಹೂಂ ಅಂದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

"ಅರವತ್ತು ಅಂತ ಯಾವನ್ಲಾ ಏಳ್ದೋನು?"

"ನೀವೇ ಸಾ."

"ನಾ ಏಳಿದ್ದು ಅರೆವೊತ್ತು. ಅಂದ್ರೆ ಅರ್ಧ ಸೆಕೆಂಡು ವೊತ್ತು. ನನ್ ಬಾಯಲ್ಲಿ ಎಲೆ ಇತ್ತು, ನಿನ್ ಕಿವೀಲಿ ಏನಿತ್ಲಾ?"

ಇಷ್ಟು ವರ್ಷ ಅರೆಹೊತ್ತನ್ನು ಅರವತ್ತು ಅಂತ ಕೇಳಿಸಿಕೊಂಡು ತಿರುಗಿದೆನಲ್ಲ ಅಂತ ನಿಂಗರಾಜುವಿಗೆ ನಾಚಿಕೆಯಾಯಿತು. ದೇವಯ್ಯನವರ ಬಾಯಲ್ಲಿ ಹಕಾರ ಹುಟ್ಟಿದ್ದೇ ಇಲ್ಲ, ಹೊತ್ತು ಹೋಗಿ ಒತ್ತು ಆಗುವುದು, ವೊತ್ತು ಆಗುವುದು ದಿನದ ಮಾತು. ಎಲೆಯ ರಸದಲ್ಲಿ ನೆನೆದು ಬಂದರೆ ಎರಡಕ್ಕೂ ಏನು ಅಂತರ? ಅಲ್ಲದೆ ಅವನು ತೆಗೆದ ಚೂಪಾದ ಫೋಟೋಗಳೆಲ್ಲ ಅರೆಹೊತ್ತಿನಲ್ಲೇ ಬಂದಿರಲಿಲ್ಲವೇ?

ಆದರೂ ಮೆಲ್ಲಗೆ, ಜನ ಅಲ್ಲಾಡ್ತಾರಲ್ಲ ಸಾ ಅಂದ.

"ಎಣ ಅಲ್ಲಾಡ್ತದಾ?"

"ಇಲ್ಲ ಸಾ."

"ಎಣದ ಕೈಲಿ ಆಗೋದು ಮನ್ಸರ ಕೈಲಿ ಆಗಲ್ವಾ? ಕುರ್ಚೀಲಿ ಕೂರ್ಸು, ತಲೆ ಗ್ವಾಡೆಗೆ ಒರಗ್ಸು, ಉಸುರು ಕಟ್ಸು. ಕಣ್ಣು ಮಿಟುಕ್ಸುದ್ರೆ ಅಲ್ಲಾಡ್ತದೆ ಅಂತ ಬಯ ಇದ್ರೆ ಕಣ್ಣೂ ಮುಚ್ಸು. ಲೆನ್ಸ್ ಎಂಟಕ್ಕೆ ಇಡು, ನೆಂಟರೆಲ್ಲ ಚೂಪು. ತಿಳೀತಾ?"

ತಿಳೀತಾ ಅನ್ನುವುದು ದೇವಯ್ಯನವರ ಮೊಹರು. ಅದು ಬಿದ್ದ ಮೇಲೆ ಅನುಮಾನಕ್ಕೆ ಜಾಗವೆಲ್ಲಿ? ನಿಂಗರಾಜು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ನಮಸ್ಕಾರ ಸಾ ಅಂದು ಇಟ್ಟ. ಗೂಡಿನಿಂದ ಹೊರಗೆ ಬಂದಾಗ ಗುರು ಆಗಲೇ ತನ್ನ ಕುರ್ಚಿಯಲ್ಲಿ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದ. ಸಿಕ್ಕಿದ್ರಾ ಅಂತ ವಿಚಾರಿಸಿದ. ನಿಂಗರಾಜು ಕಣ್ಣು ತುಂಬಿಕೊಂಡು, ದೇವರಂಥಾ ಮನುಷ್ಯ ಅಂದ. ಬೆಂಚಿನಲ್ಲಿ ಕೂತವರಿಗೆ ಗುರು ಆಮೇಲೆ ಇಡೀ ಸಂಭಾಷಣೆಯನ್ನು ಎರಡೂ ದನಿಯಲ್ಲಿ ಆಡಿ ತೋರಿಸಿದ. ಒಬ್ಬನಾದರೂ ಓಡಿಹೋಗಿ ನಿಂಗರಾಜುವಿಗೆ ಹೇಳಬಹುದಿತ್ತು. ಆದರೆ ಮದುವೆಗೆ ಎಲ್ಲರಿಗೂ ಕರೆಯೋಲೆ ಇತ್ತು, ನೋಡಲು ಎಲ್ಲರಿಗೂ ಆಸೆಯಿತ್ತು.

ಮದುವೆಮನೆಯಲ್ಲಿ ಫೋಟೋದವನು ಹೇಳಿದ್ದೇ ಶಾಸ್ತ್ರ. ಅದರ ಮೇಲೆ ಕೆಂಪಯ್ಯ, ನಮ್ಮುಡುಗ, ಅವನು ಏಳ್ದಂಗೆ ಕೇಳಿ ಅಂತ ಬೀಗರಿಗೆಲ್ಲ ಹೇಳಿಟ್ಟಿದ್ದ. ಗಂಡು ಮಾದೇಶ ನಂಜನಗೂಡಿನವನು, ಮೈಸೂರಿನ ಆಫೀಸಿಗೆ ದಿನಾ ಬಸ್ಸಿನಲ್ಲಿ ಓಡಾಡುವವನು, ಸಾಧು. ನಿಂಗರಾಜು ಅವನನ್ನೂ ದಿವ್ಯಳನ್ನೂ ಕುರ್ಚಿಗಳಲ್ಲಿ ಕೂರಿಸಿದ. ರೂಢಿಯ ಕೈ, ತಲೆಗಳನ್ನು ಗದ್ದ ಹಿಡಿದು ಗೋಡೆಗೆ ಒರಗಿಸಿದ, ಹಾರ ಸರಿಮಾಡಿದ, ಕೈಗಳನ್ನು ತೊಡೆಯ ಮೇಲೆ ಜೋಡಿಸಿದ. ಆಮೇಲೆ ಸ್ಟ್ಯಾಂಡಿನ ಹಿಂದೆ ಹೋಗಿ, ಉಸಿರು ಕಟ್ಟಿ, ಕಣ್ಣು ಮುಚ್ಚಿ ಅಂದ. ಇಬ್ಬರೂ ಮುಚ್ಚಿದರು. ಕ್ಲಿಕ್ ಅಂದ ಶಟರು ಮತ್ತೆ ಕ್ಲಿಕ್ ಅನ್ನುವ ಹೊತ್ತಿಗೆ ಒಂದು ಸಣ್ಣ ಆಕಳಿಕೆ ಮುಗಿಸಬಹುದಿತ್ತು.

ಹಾಗೆಯೇ ಬೀಗರು, ಹಾಗೆಯೇ ನೆಂಟರು. ಸಾಲುಸಾಲಾಗಿ ಬಂದು ಕೂತು, ಒರಗಿ, ಕಣ್ಣು ಮುಚ್ಚಿ, ಉಸಿರು ಕಟ್ಟಿ, ಎದ್ದು ಹೋದರು. ಕೆಂಪಯ್ಯನ ಸೋದರತ್ತೆ ಜವರಮ್ಮ ಅಂತ ಮುದುಕಿ, ಮುಚ್ಚಿದ್ಮೇಲೆ ಬುಡಬೋದಾ ಮಗ, ಇಲ್ಲಾ ಅಂಗೇ ಓಗ್ಬೇಕಾ ಅಂತ ಕೇಳಿದಳು. ಅಡುಗೆಯ ಕಡೆಯ ಕಂಬದ ಹಿಂದೆ ಗುರು ಟವೆಲ್ಲು ಕಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ತಾಳಿ ಕಟ್ಟುವಾಗ ಮಾತ್ರ ಯಾರೂ ಯಾರ ಮಾತೂ ಕೇಳಲಿಲ್ಲ. ವಾಲಗ ಭೋರ್ಗರೆಯಿತು, ಅಕ್ಷತೆ ಹಾರಿತು, ನಿಂಗರಾಜು ಅಲ್ಲಾಡಬೇಡಿ ಅಲ್ಲಾಡಬೇಡಿ ಅನ್ನುತ್ತಲೇ ಅರೆಹೊತ್ತು ಅರೆಹೊತ್ತು ಒತ್ತುತ್ತಾ ಹೋದ. ಊಟದ ಹೊತ್ತಿಗೆ ವನಿತಾ ತಾನೇ ಬಂದು ಅವನ ಮುಂದೆ ಎಲೆ ಹಾಸಿ, ಬಿಸಿ ಅನ್ನ ತರ್ತೀನಿ ಕೂತ್ಕೊಳಿ ಅಂದಳು. ಅವನು ಏನು ತಿಂದನೋ ಅವನಿಗೇ ಗೊತ್ತಿಲ್ಲ.

ರೋಲುಗಳನ್ನು ಮಾದೇಶನೇ ಮೈಸೂರಿಗೆ ಒಯ್ದು ಕಲರ್ ಲ್ಯಾಬಿಗೆ ಕೊಟ್ಟ. ಹೆಣ್ಣು ಗಂಡು ಮೊದಲ ಊಟಕ್ಕೆ ಹೆಮ್ಮಿಗೆಗೆ ಬರುವ ದಿನ, ಮೈಸೂರಿನಲ್ಲಿ ಇಳಿದು ಲ್ಯಾಬಿನಿಂದ ಲಕೋಟೆ ಇಸಿದುಕೊಂಡು ಸೀದಾ ಬಂದರು; ದಾರಿಯಲ್ಲಿ ಬಿಚ್ಚಬಾರದು, ಎಲ್ಲರ ಜೊತೆ ನೋಡೋಣ ಅಂತ ದಿವ್ಯ ಹಟ ಹಿಡಿದಿದ್ದಳಂತೆ. ಕೆಂಪಯ್ಯ ನಿಂಗರಾಜುವನ್ನೂ ಅವನ ತಾಯಿಯನ್ನೂ ಕರೆಸಿದ್ದ. ಬೂತಿನ ಗುರುವನ್ನು ಯಾಕೆ ಕರೆದಿದ್ದನೋ, ಅವನಿಲ್ಲದೆ ಯಾವ ಊಟಕ್ಕೂ ಉಪ್ಪು ಹತ್ತುತ್ತಿರಲಿಲ್ಲ. ನಿಂಗರಾಜು ಇಸ್ತ್ರಿ ಮಡಿಕೆ ಬಿಡದ ಹೊಸ ಶರ್ಟಿನಲ್ಲಿದ್ದ. ಮಾದಮ್ಮ ಎಲೆ ಅಡಿಕೆ, ಹೂವು, ಒಂದು ಚಿಪ್ಪು ಬಾಳೆಹಣ್ಣು ಜೋಡಿಸಿದ ತಟ್ಟೆ ತಂದು ದೇವರ ಗೂಡಿನ ಕೆಳಗೆ ಇಟ್ಟು, ಯಾರಾದರೂ ತಾವಾಗಿ ಅದರ ಮಾತು ಎತ್ತಲಿ ಅಂತ ಕಾಯುತ್ತಾ ಕೂತಳು.

ಮಾದೇಶ ಲಕೋಟೆ ಬಿಚ್ಚಿ ಮೊದಲ ಫೋಟೋ ತೆಗೆದ. ದಿವ್ಯ ಬಗ್ಗಿ ನೋಡಿದಳು.

ಚೂಪಾಗಿ ಬಂದಿತ್ತು. ಅದರಲ್ಲಿ ಎರಡು ಮಾತಿಲ್ಲ. ದಿವ್ಯಳ ಮೂಗುಬೊಟ್ಟಿನ ಕಲ್ಲು ಕೂಡ ಎಣಿಕೆಗೆ ಸಿಗುತ್ತಿತ್ತು. ಕುರ್ಚಿಯಲ್ಲಿ ಅವಳು, ಪಕ್ಕದ ಕುರ್ಚಿಯಲ್ಲಿ ಮಾದೇಶ. ಕೊರಳಲ್ಲಿ ಹಾರ, ತಲೆ ಗೋಡೆಗೆ, ಕಣ್ಣು ಮುಚ್ಚಿ, ಬಾಯಿ ಒಂದು ಚೂರು ತೆರೆದು, ಕೈ ತೊಡೆಯ ಮೇಲೆ. ಊದುಬತ್ತಿ ಹಚ್ಚುವುದೊಂದು ಬಾಕಿ. ಮುಂದಿನದರಲ್ಲಿ ಮಾದೇಶನ ಅಪ್ಪ ಅಮ್ಮ, ಅದೇ ಭಂಗಿ. ಅದರ ಮುಂದಿನದು ಐದು ಜನ ನೆಂಟರು, ಒಂದೇ ಬಸ್ಸಿನಲ್ಲಿ ಹೋದವರ ಹಾಗೆ. ತಾಳಿ ಕಟ್ಟುವ ಫೋಟೋದಲ್ಲಿ ಮನುಷ್ಯರೇ ಇರಲಿಲ್ಲ. ಒಂದು ರುಮಾಲು, ಅದರ ಕೆಳಗೆ ಹೊಗೆ, ಹೊಗೆಯಲ್ಲಿ ಮಾದೇಶನಿಗೆ ಎರಡು ತಲೆ, ತಾಳಿ ಇರಬೇಕಾದ ಕಡೆ ಒಂದು ಹಳದಿ ಗೀರು.

ದಿವ್ಯ ಮೊದಲ ಫೋಟೋವನ್ನು ತೊಡೆಯ ಕೆಳಗೆ ಸರಿಸಿಕೊಂಡು ಅಳಲು ಶುರುಮಾಡಿದಳು. ಕೆಂಪಯ್ಯನ ಹೆಂಡತಿ ಬುಡ್ತು ಬುಡ್ತು ಅನ್ನುತ್ತಾ ಮಗಳ ಮುಖಕ್ಕೆ ನೆಟಿಕೆ ಮುರಿದಳು. ನಿಂಗರಾಜು ಒಂದೊಂದೇ ಫೋಟೋ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತಿದ್ದ, ಮುಂದಿನದರಲ್ಲಾದರೂ ಒಬ್ಬರು ಬದುಕಿರಬಹುದು ಅನ್ನುವವನ ಹಾಗೆ. ಕೆಂಪಯ್ಯ ಎದ್ದು ನಿಂತ. ದನಿ ಏರಿಸಲಿಲ್ಲ.

"ಯಾರ್ಲಾ ನಿಂಗೆ ಇದಾ ಏಳ್ಕೊಟ್ಟೋರು?"

ದೇವಯ್ಯನವರು ಮಾವ, ಫೋನಿನಲ್ಲಿ, ಅರವತ್ತಕ್ಕೆ ಇಡಲಾ ಅಂತ ಕೇಳಿದೆ, ಅಂತ ನಿಂಗರಾಜು ತಡವರಿಸುತ್ತಿದ್ದ. ಮಾತು ಮುಗಿದಿರಲಿಲ್ಲ. ಜಗಲಿಯ ಕಡೆಯಿಂದ ದೇವಯ್ಯನವರೇ ಎಲೆ ತುಂಬಿದ ಬಾಯಲ್ಲಿ ಉತ್ತರ ಕೊಟ್ಟರು.

"ಅರವತ್ತಲ್ಲ ಕಣ್ಲಾ, ಅರೆವೊತ್ತು. ತಿಳೀತಾ?"

ಎಲ್ಲರೂ ತಿರುಗಿ ನೋಡಿದರು. ಬಾಗಿಲಲ್ಲಿ ದೇವಯ್ಯ ಇರಲಿಲ್ಲ. ಗುರು ಇದ್ದ, ದವಡೆ ಉಬ್ಬಿಸಿಕೊಂಡು, ಕೈ ಬೆನ್ನಿಗೆ ಕಟ್ಟಿಕೊಂಡು ದೇವಯ್ಯನವರ ಹಾಗೆಯೇ ಎಡಗಾಲು ಮುಂದಿಟ್ಟು ನಿಂತಿದ್ದ.

ಮೊದಲು ನಕ್ಕವನು ಮಾದೇಶ. ಸಾಧು ಅಂದಿದ್ದೆನಲ್ಲ, ಅವನ ನಗೆ ಹಿಡಿತ ತಪ್ಪಿ ಮೂಗಿನಿಂದ ಬಂತು. ಅಪಶಕುನವಲ್ಲ, ತಮಾಷೆ ಅಂತ ಗೊತ್ತಾದ ನಿರಾಳಕ್ಕೋ ಏನೋ ಮನೆ ಒಮ್ಮೆಗೇ ಸಡಿಲಾಯಿತು. ಗುರು ಬಿಡಲಿಲ್ಲ. ಫೋನಿನ ಮಾತನ್ನೆಲ್ಲ ಮೊದಲಿನಿಂದ ಆಡಿದ. ನಿಂಗರಾಜುವಿನ ದನಿಯಲ್ಲಿ, ಜನ ಅಲ್ಲಾಡ್ತಾರಲ್ಲ ಸಾ ಅಂದಾಗ ಅಳುತ್ತಿದ್ದ ದಿವ್ಯಳೇ ಸೆರಗು ಬಾಯಿಗೆ ಒತ್ತಿಕೊಂಡಳು. ಜವರಮ್ಮ ತನ್ನ ಫೋಟೋ ಇಸಿದುಕೊಂಡು, ಚೆಂದಾಗಿ ಅದೆ, ಮುಂದಕ್ಕೆ ಇದನ್ನೇ ಆಕ್ಬುಡಿ, ಇನ್ನೊಂದ್ಸಲ ತೆಗಿಯೋ ಕರ್ಚಿಲ್ಲ ಅಂದಳು. ಕೆಂಪಯ್ಯ ಕಂಬ ಹಿಡಿದುಕೊಂಡು ನಕ್ಕು, ರುಮಾಲಿನಿಂದ ಕಣ್ಣೊರೆಸಿಕೊಂಡು, ಗುರುವಿನ ಬೆನ್ನಿಗೆ ಒಂದು ಗುದ್ದಿ, ನೀನು ಉದ್ಧಾರ ಆಗಲ್ಲ ಕಣ್ಲಾ ಅಂದ. ಆಮೇಲೆ ಅದೇ ನಗೆಯಲ್ಲೇ ಮಾದಮ್ಮನ ಕಡೆ ತಿರುಗಿದ.

"ಅಕ್ಕ, ಆ ತಟ್ಟೆ ಎತ್ತಿಟ್ಕೊಬುಡು. ಇನ್ ಆ ಮಾತು ಬ್ಯಾಡ. ಸಾಯಗಂಟ ಇವನಿಗೆ ಇದೇ ಎಸರು."

ಮಾದಮ್ಮ ಎದ್ದು ತಟ್ಟೆ ತೆಗೆದುಕೊಂಡಳು. ನಿಂಗರಾಜು ತಾಯಿಯ ಕಡೆ ನೋಡಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ವನಿತಾ ನಿಂತಿದ್ದಳು, ಬಾಗಿಲ ಪಟ್ಟಿಗೆ ಹಣೆ ಹಚ್ಚಿಕೊಂಡು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡನಂತೆ ಅವನು, ಆಮೇಲೆ ತಾನೇ ಯಾರ ಹತ್ತಿರವೋ ಹೇಳಿದ್ದು. ಅವಳು ಮುಖ ಎತ್ತಿ ಅವನನ್ನು ನೇರವಾಗಿ ನೋಡಿದಳು, ಅಷ್ಟು ನೇರವಾಗಿ ಹಿಂದೆಂದೂ ನೋಡಿರಲಿಲ್ಲ. ಕೆನ್ನೆ ಒದ್ದೆಯಾಗಿತ್ತು. ಏನೋ ಹೇಳಲು ಬಾಯಿ ತೆರೆದಳು, ಆಗಲಿಲ್ಲ, ಅವನ ಕಡೆ ಬೆರಳು ತೋರಿಸಿ, ಕಣ್ಣು ಮುಚ್ಚಿ, ತಲೆಯನ್ನು ಬಾಗಿಲಿಗೆ ಒರಗಿಸಿ ಹೆಣದ ಹಾಗೆ ಬಾಯಿ ಬಿಟ್ಟು ತೋರಿಸಿ ಮತ್ತೆ ನಗೆಯಲ್ಲಿ ಕುಸಿದಳು.

ಆಗ ನಿಂಗರಾಜು ನಕ್ಕ. ಮೊದಲು ಹಲ್ಲು ಬಿಟ್ಟ, ಆಮೇಲೆ ಹೊಟ್ಟೆಯಿಂದ ಬಂತು, ಆಮೇಲೆ ಎಲ್ಲಿಂದ ಬಂತೋ. ಹೊಸ ಶರ್ಟಿನ ಗುಂಡಿಗಳು ಬಿಗಿಯಾಗುವಂತೆ, ತೊಡೆ ತಟ್ಟಿಕೊಂಡು, ಫೋಟೋಗಳ ಮೇಲೆ ಬಗ್ಗಿ ಬಗ್ಗಿ ನಕ್ಕ. ನೋಡ್ರಲಾ, ಒಸಿನೂ ಬೇಜಾರ್ ಮಾಡ್ಕೊಂಡಿಲ್ಲ, ದೊಡ್ಡ ಮನಸು ಅಂತ ಕೆಂಪಯ್ಯ ಮೆಚ್ಚಿಕೊಂಡ. ಒಬ್ಬೊಬ್ಬರಾಗಿ ನಗು ಮುಗಿಸಿ ಎಲೆಗಳ ಮುಂದೆ ಕೂತರು, ಸಾರು ಬಂತು, ಗುರು ಹಪ್ಪಳ ಕೇಳಿದ. ಮಾದಮ್ಮ ಕಂಕುಳಲ್ಲಿ ತಟ್ಟೆ ಇಟ್ಟುಕೊಂಡು, ನಗು ನಿಲ್ಲದ ಮಗನ ತೋಳು ಹಿಡಿದು ಬೀದಿಯಲ್ಲಿ ನಡೆಸಿಕೊಂಡು ಹೋದಳು. ಬಸ್ಸು ನಿಲ್ಲುವ ಅರಳಿಮರದ ಹತ್ತಿರ ಹೋದ ಮೇಲೂ ಅವನ ನಗು ಊಟಕ್ಕೆ ಕೂತವರಿಗೆ ಕೇಳುತ್ತಿತ್ತು.